ತಾಸು ಕೇಳಲಿಲ್ಲ, ದೂರ ಕೇಳಿದೆ

ಕಳೆದ ಭಾನುವಾರ ಮಗಳು ಓದಿಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ, ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಕೇಳಿದ ಪ್ರಶ್ನೆ ಈ ವಾರವೆಲ್ಲ ನನ್ನ ಕಿವಿಯಲ್ಲಿದೆ.

“ಎಷ್ಟು ದೂರ ಆಗತೈತಪಾ?”

“ಬೆಂಗಳೂರಿಂದ ದುಬೈಗೆ ನಾಕು ತಾಸು, ಅಲ್ಲಿಂದ ಹದಿನಾರು ತಾಸು, ಅವ್ವಾ.”

“ತಾಸು ಕೇಳಲಿಲ್ಲ ನಾ. ದೂರ ಕೇಳಿದೆ.”

ನನ್ನ ತಮ್ಮ, “ದಿನಾ ವಿಡಿಯೋ ಕಾಲ್ ಮಾಡತಾಳ, ದೂರ ಎಲ್ಲಿ ಬಂತು” ಎಂದು ಮಾತು ಮುಗಿಸಿದ. ಅವನು ಒಳ್ಳೆಯವನೇ, ಆದರೆ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕದೆ ಪ್ರಶ್ನೆಯನ್ನೇ ಮುಚ್ಚಿಬಿಡುವ ಅವನ ರೂಢಿ ನನಗೆ ಎಂದೂ ಹಿಡಿಸಿಲ್ಲ. ಆ ದಿನ ನಾನು ಮಾಡಿದ್ದೂ ಅದನ್ನೇ. ಸಿರುಗುಪ್ಪದ ತವರಿನಿಂದ ಸುದ್ದಿ ಬಂದ ದಿನ, ಬಸ್ಸಿನಲ್ಲಿ ಎರಡು ತಾಸಿನ ಹಾದಿ ಎಂದು ಎಲ್ಲರೂ ಸಮಾಧಾನ ಹೇಳಿದ್ದರೂ, ಕೊನೆಯ ಬಸ್ಸು ತಪ್ಪಿ ತನ್ನ ಅಪ್ಪನ ಮುಖವನ್ನು ಕಡೆಯ ಬಾರಿ ನೋಡಲಾಗದೆ ಹೋದವಳು ಅವ್ವ. ತಾಸುಗಳು ಕೈಕೊಡುತ್ತವೆ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಗಳನ್ನು ಬೆಂಗಳೂರಿನಲ್ಲಿ ಬಿಟ್ಟು ಸೋಮವಾರ ಮರಳಿದವನೇ, ಅವಳ ಹಳೆಯ ಗೋಳವನ್ನು ಅವ್ವನ ಮುಂದಿಟ್ಟೆ. ಗೋಡೆಯ ನಕ್ಷೆ ನೋಡಿ ಬೆಳೆದ ನಾನು, ವಿಮಾನ ಯುರೋಪು, ಅಟ್ಲಾಂಟಿಕ್ ದಾಟಿ ಹೋಗುತ್ತದೆಂದೇ ತಿಳಿದಿದ್ದೆ. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ದಾರವನ್ನು ಬಿಗಿಯಾಗಿ ಹಿಡಿದಾಗ, ಅದು ಪಶ್ಚಿಮಕ್ಕೆ ಹೋಗಲೊಲ್ಲದೆ ನೇರ ಉತ್ತರಕ್ಕೆ ಸರಿದು, ಇರಾನ್, ರಷ್ಯಾಗಳ ಮೇಲೆ ಹಾದು, ಉತ್ತರ ಧ್ರುವದ ಮೊಳೆಯನ್ನು ಹೆಚ್ಚುಕಡಿಮೆ ಸವರಿ, ಕೆನಡಾದ ಮೇಲಿಂದ ಇಳಿಯಿತು. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 178 ಡಿಗ್ರಿ ಅಂತರವಿದೆ. ಭೂಮಿಯ ಎದುರುಬದುರು ಬದಿಗಳಲ್ಲಿರುವ ಅವುಗಳಿಗೆ ಧ್ರುವದ ದಾರಿಯೇ ಹತ್ತಿರದ ದಾರಿ. ಹತ್ತಿರದ್ದೆಂದರೂ ಅದು ಸುಮಾರು 13,000 ಕಿ.ಮೀ.; ಬೆಂಗಳೂರು–ದುಬೈ ನಡುವಿನ 2,700 ಕಿ.ಮೀ. ಬೇರೆ.

“ನಮ್ಮೂರಿಂದ ಬೆಂಗಳೂರು ಎಷ್ಟಪಾ ಇದರಾಗ?”

ನಾನು ಅಳೆದು ತೋರಿಸಿದೆ. ಒಂದು ಜೋಳದ ಕಾಳಿನಷ್ಟಿತ್ತು. ದುಬೈಯಿಂದಾಚೆಯ ದಾರವೋ ಒಂದು ಅಡಿ. ಆ ಕಾಳಿನಷ್ಟು ದಾರಿಗೆ ನಮ್ಮ ಕಾರು ಆರು ತಾಸು ತೆಗೆದುಕೊಂಡಿತ್ತು. ಅವ್ವ ಬಹಳ ಹೊತ್ತು ದಾರವನ್ನೇ ನೋಡಿ, “ಹಿಂಗ ಹೇಳಬೇಕಿತ್ತು ನೋಡು ಮೊದಲ” ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕರೆದು, ಈಗ ಎಲ್ಲಿದ್ದಾಳೆಂದು ಕೇಳಿದಳು. ವಿಮಾನ ಹೊರಟು ಎಂಟು ತಾಸಾಗಿತ್ತು; ದಾರದ ನಡುಭಾಗ, ಆರ್ಕ್ಟಿಕ್ ಸಾಗರದ ಬಿಳಿಯ ಮೇಲೆ, ಅವಳ ಬೆರಳನ್ನು ಹಿಡಿದು ಇರಿಸಿದೆ. ಆಗಸ್ಟ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ ಎಂದಾಗ, “ಹಂಗಾದ್ರ ಕತ್ತಲಾಗ ಇಲ್ಲ ಕೂಸು” ಎಂದು ನಿಟ್ಟುಸಿರು ಬಿಟ್ಟಳು.

ಫೋನು ಬಂದಾಗ ನಮ್ಮಲ್ಲಿ ನಡುರಾತ್ರಿ ಕಳೆದು ಎರಡೂವರೆ, ಅಲ್ಲಿ ಇನ್ನೂ ಸೋಮವಾರದ ಮಧ್ಯಾಹ್ನ ಎರಡು ಗಂಟೆ. ಅವ್ವ ಗೋಳದ ಪಕ್ಕದಲ್ಲಿ ಎದ್ದೇ ಕುಳಿತಿದ್ದಳು, ಬೆರಳು ದಾರದ ಆ ತುದಿಯಲ್ಲಿತ್ತು.