ನಾಲ್ಕಡಿ ಬಚ್ಚಲಲ್ಲಿ ಎರಡು ಇಂಚು

ಬೆಂಗಳೂರಿನ ಒಂದು ಹಳೆಯ ಅಪಾರ್ಟ್‌ಮೆಂಟಿನ ಬಾತ್‌ರೂಮ್ ಅದು. ಉದ್ದ 7 ಅಡಿ, ಅಗಲ 4 ಅಡಿ. ಬಾಗಿಲು ಒಳಕ್ಕೆ ತೆರೆದರೆ ವಾಶ್‌ಬೇಸಿನ್ನಿಗೆ ಬಡಿಯುತ್ತಿತ್ತು. ಒಳಗೆ ಹೋದವರು ಕಮೋಡಿನ ಪಕ್ಕಕ್ಕೆ ಸರಿದು ನಿಂತರಷ್ಟೇ ಬಾಗಿಲು ಹಾಕಿಕೊಳ್ಳಲು ಆಗುತ್ತಿದ್ದದ್ದು. ಅದನ್ನು ಹೊಸದಾಗಿ ಮಾಡಿಸಹೊರಟ ಮನೆಯವರು ಕೇಳಿದ್ದು ಬಿಳಿ ಟೈಲ್ಸು ಮತ್ತು ದೊಡ್ಡ ಕನ್ನಡಿ. ಅವು ಕಣ್ಣಿಗೆ ಜಾಗ ತೋರಿಸುತ್ತವೆ ನಿಜ, ಮೊಣಕೈಗೆ ತೋರಿಸುವುದಿಲ್ಲ.

ಮೊದಲ ದಿನವೇ ಮೇಸ್ತ್ರಿ, "ಹಳೆ ಟೈಲ್ಸ್ ಮೇಲೇ ಹೊಸದು ಅಂಟಿಸಿಬಿಡೋಣ ಸಾರ್, ಒಡೆಯೋ ಗಲಾಟೆ ಇರಲ್ಲ, ಮೂರು ದಿನ ಉಳಿಯುತ್ತೆ" ಅಂದರು. ಉಳಿಯುತ್ತಿದ್ದದ್ದು ಮೂರು ದಿನ, ಹೋಗುತ್ತಿದ್ದದ್ದು ಒಂದು ಇಂಚು. ಹೊಸ ಟೈಲ್ 8 ಮಿ.ಮೀ., ಅಂಟು 4 ಮಿ.ಮೀ.; ಎದುರುಬದುರು ಎರಡು ಗೋಡೆಗೆ ಲೆಕ್ಕ ಹಾಕಿದರೆ 24 ಮಿ.ಮೀ., ಹತ್ತಿರ ಒಂದು ಇಂಚು. ಒಡೆದರೆ ಕಥೆ ಉಲ್ಟಾ. ಹಳೆಯ ಕಾಲದವರು ಟೈಲ್ ಹಿಂದೆ ಸಿಮೆಂಟ್ ಗಾರೆ ದಪ್ಪಗೆ ಬಳಿದಿದ್ದರು, ಒಟ್ಟು ಒಂದೂವರೆ ಇಂಚಿಗೂ ಜಾಸ್ತಿ. ಅದನ್ನೆಲ್ಲ ಕಿತ್ತು, ತೆಳು ಪ್ಲಾಸ್ಟರ್ ಮಾಡಿ, ಟೈಲನ್ನು ಅಂಟಿನಲ್ಲಿ ಕೂರಿಸಿದಾಗ ಅಗಲದಲ್ಲಿ ಎರಡು ಇಂಚು ಸಿಕ್ಕಿತು. 4 ಅಡಿ ಅಗಲದಲ್ಲಿ ಎರಡು ಇಂಚು ಅಂದರೆ ಭುಜ ಗೋಡೆಗೆ ತಾಗುವುದಕ್ಕೂ ತಾಗದಿರುವುದಕ್ಕೂ ಇರುವ ವ್ಯತ್ಯಾಸ.

ಒಡೆಯುವ ಮೊದಲು ಕಮೋಡಿನ ಪೈಪಿಗೂ ನೆಲದ ನೀರು ಇಳಿಯುವ ಫ್ಲೋರ್ ಟ್ರ್ಯಾಪಿಗೂ ಗೋಣಿಚೀಲ ತುರುಕಿ ಮೇಲೆ ಪ್ಲಾಸ್ಟಿಕ್ ಕಟ್ಟಬೇಕು. ಒಂದು ಚೂರು ಟೈಲ್ ಒಳಗೆ ಬಿದ್ದರೆ ಕಟ್ಟಿಕೊಳ್ಳುವುದು ಕೆಳಗಿನ ಮನೆಯವರ ಲೈನು, ಜಗಳ ಮೇಲಿನ ಮನೆಗೆ. ಬೆಡ್‌ರೂಮ್ ಕಡೆಯ ಗೋಡೆ 4 ಇಂಚಿನ ಬ್ಲಾಕ್ ಗೋಡೆಯಾದ್ದರಿಂದ ಅಲ್ಲಿ ದೊಡ್ಡ ಬ್ರೇಕರ್ ಬಿಡದೆ ಉಳಿ-ಸುತ್ತಿಗೆಯಲ್ಲೇ ಮುಗಿಸಿದ್ದು. ನೆಲದಲ್ಲಿ ಸಂಕನ್ ಸ್ಲ್ಯಾಬ್, ಅಂದರೆ ಪೈಪು ಹಾಯಲೆಂದು ತಗ್ಗಿಸಿ ಹಾಕಿದ ಕಾಂಕ್ರೀಟ್ ತಳ, 9 ಇಂಚು ಆಳ. ಅದರೊಳಗೆ ತುಂಬಿದ್ದ ಇಟ್ಟಿಗೆ ಚೂರು ಒದ್ದೆಯಾಗಿ ಕಪ್ಪಗಾಗಿತ್ತು. ಎಲ್ಲ ತೆಗೆದಾಗ 50ಕ್ಕೂ ಹೆಚ್ಚು ಸಿಮೆಂಟ್ ಚೀಲದಷ್ಟು ಡೆಬ್ರಿ. ಲಿಫ್ಟಿನಲ್ಲಿ ಬಿಡದ ಅಪಾರ್ಟ್‌ಮೆಂಟಾದರೆ ಹೊರುವ ಕೂಲಿಯನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಎಡವಟ್ಟಾದದ್ದು ಕಮೋಡಿನಲ್ಲಿ. ಹಳೆಯದಕ್ಕೆ ಗೋಡೆಯಿಂದ ತೂತಿನ ಮಧ್ಯಕ್ಕೆ 9 ಇಂಚು ಇತ್ತು. ಅದೇ ಅಳತೆಗೆ ಹೊಸ ಕಮೋಡು ತಂದು ಹಾಲ್‌ನಲ್ಲಿ ಇಟ್ಟಾಗಿತ್ತು. ಗಾರೆ ಕಿತ್ತ ಮೇಲೆ ಗೋಡೆ ಒಂದು ಇಂಚು ಹಿಂದೆ ಹೋಯಿತು, ತೂತು ಇದ್ದಲ್ಲೇ ಇತ್ತು. ಹಾಗೇ ಕೂರಿಸಿದ್ದರೆ ಟ್ಯಾಂಕಿನ ಹಿಂದೆ ಒಂದು ಇಂಚಿನ ಸಂದಿ ಉಳಿದು, ಗಳಿಸಿದ ಇಂಚು ಜಿರಲೆಗೆ ಹೋಗುತ್ತಿತ್ತು. ನೆಲ ಹೇಗೂ ಅಗೆದಿದ್ದರಿಂದ 110 ಮಿ.ಮೀ. ಪೈಪಿನ ಬೆಂಡನ್ನು ಅಷ್ಟೇ ಹಿಂದೆ ಸರಿಸಲಾಯಿತು. ಈ ಅಳತೆ ತೆಗೆಯುವುದು ಟೈಲ್ ಮುಗಿದ ಮುಖದಿಂದ, ಬರಿ ಗೋಡೆಯಿಂದಲ್ಲ. ಕಮೋಡು ಕೊಳ್ಳುವುದನ್ನು ಗೋಡೆಯ ಲೆಕ್ಕ ಕೂಡಿಬರುವವರೆಗೆ ತಡೆದರೆ ಒಳ್ಳೆಯದು.

ಗೋಡೆಗೆ ತೂಗುವ ಕಮೋಡು ಯಾಕೆ ಬೇಡವಾಯಿತು ಅಂತ ಕೇಳುವವರಿದ್ದಾರೆ. ಅದು ಗೋಡೆಯಿಂದ ಮುಂದಕ್ಕೆ ಬರುವುದು ಸುಮಾರು 20 ಇಂಚು. ಆದರೆ 4 ಇಂಚಿನ ಗೋಡೆಯೊಳಗೆ ಟ್ಯಾಂಕ್ ಮುಚ್ಚಲಾಗದು, ಮುಂದೆ 6 ಇಂಚಿನ ಕಟ್ಟೆ ಕಟ್ಟಬೇಕು. ಒಟ್ಟು 26. ನೆಲಕ್ಕೆ ಕೂರುವ ಸಣ್ಣ ಕಮೋಡು 25-26ಕ್ಕೇ ಮುಗಿಯುತ್ತದೆ. ತೂಗುವುದರ ಕೆಳಗೆ ನೆಲ ಕಾಣುತ್ತದೆ, ಒರೆಸಲು ಸುಲಭ, ಅಷ್ಟು ಲಾಭ. ದಪ್ಪ ಗೋಡೆ ಇದ್ದವರು ಹಾಕಿಸಲಿ.

ವಾಟರ್‌ಪ್ರೂಫಿಂಗ್‌ಗೆ ಪಾಲಿಮರ್ ಬೆರೆತ ಸಿಮೆಂಟ್ ಲೇಪನ ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ. ಸೋರಿಕೆ ಶುರುವಾಗುವುದು ಬಯಲಲ್ಲಲ್ಲ, ಮೂಲೆಯಲ್ಲಿ ಮತ್ತು ಪೈಪ್ ಸುತ್ತ. ಅದಕ್ಕೇ ಮೂಲೆಗಳನ್ನು ಗಾರೆಯಲ್ಲಿ ಗುಂಡಗೆ ಮಾಡಿಕೊಂಡು, ಪೈಪ್ ಸುತ್ತಲಿನ ಸಂದಿಯನ್ನು ಕುಗ್ಗದ ಗ್ರೌಟಿನಲ್ಲಿ ತುಂಬಿದ ಮೇಲೆಯೇ ಬ್ರಶ್ ಹಿಡಿದದ್ದು. ಸ್ನಾನದ ಜಾಗದಲ್ಲಿ ಗೋಡೆಗೆ 6 ಅಡಿವರೆಗೆ, ಉಳಿದ ಕಡೆ ಒಂದಡಿ. ಆಮೇಲೆ 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗನ್ನು ದಿನಕ್ಕೆರಡು ಸಲ ನೋಡಿ ಬರುವುದು.

ಗೀಸರ್ ಬೇಸಿನ್ನಿನ ಮೇಲೆ ತಲೆಗೆ ತಾಗುವಂತೆ ನೇತಾಡುತ್ತಿತ್ತು. ಅದನ್ನು ಪಕ್ಕದ ಯುಟಿಲಿಟಿಗೆ (ಬಟ್ಟೆ ಒಗೆಯುವ ಜಾಗಕ್ಕೆ) ಸಾಗಿಸಿದ್ದೇ ಒಳಗೆ ಹೊಸ ಗಾಳಿ ಬಂದಂತಾಯಿತು. ನಡುವಿನ 10 ಅಡಿ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ, ಮುಕ್ಕಾಲು ಇಂಚಿನ ಪೈಪಾದರೆ ಒಂದು ಚೊಂಬಿನಷ್ಟು. ಬಿಸಿನೀರು-ತಣ್ಣೀರು ಬೆರೆಸಿ ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರನ್ನೂ ಯುಟಿಲಿಟಿ ಕಡೆಯ 6 ಇಂಚಿನ ಗೋಡೆಯಲ್ಲೇ ಕೂರಿಸಿದ್ದು. 4 ಇಂಚಿನದರಲ್ಲಿ ಕೊರೆದಿದ್ದರೆ ಬೆಡ್‌ರೂಮಿನ ಬೀರು ಕಾಣುತ್ತಿತ್ತು. ಡೈವರ್ಟರ್ ಮೇಲಿನ ಪ್ಲಾಸ್ಟಿಕ್ ಕವಚದಲ್ಲಿ ಕನಿಷ್ಠ-ಗರಿಷ್ಠ ಗೆರೆ ಇರುತ್ತದೆ. ಟೈಲಿನ ಮುಖ ಆ ಎರಡರ ನಡುವೆ ಬರಬೇಕು. ಪ್ಲಂಬರ್ ಆತುರದಲ್ಲಿ ಆಳಕ್ಕೆ ಹೂತರೆ ಹಿಡಿಕೆ ಕೂರುವುದಿಲ್ಲ, ಆಮೇಲೆ ಎಕ್ಸ್‌ಟೆನ್ಷನ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯಬೇಕು.

ಗೋಡೆಗೆ 2×1 ಅಡಿಯ ತಿಳಿ ಬೂದು ಟೈಲ್ಸು, ಅಡ್ಡಡ್ಡ, ಸೀಲಿಂಗ್ ಮುಟ್ಟುವವರೆಗೆ. 7 ಅಡಿಗೆ ನಿಲ್ಲಿಸಿ ಮೇಲೆ ಬಣ್ಣ ಹೊಡೆದರೆ ಆ ಗೆರೆಯೇ ಕೋಣೆಯನ್ನು ಗಿಡ್ಡ ಮಾಡುತ್ತದೆ. ಬಾಗಿಲು, ವೆಂಟಿಲೇಟರ್ ಕಳೆದು 155 ಚದರಡಿ, ಅಂದರೆ 78 ಟೈಲ್. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಸೇರಿಸಿ 85 ತಂದದ್ದು. ವಿಟ್ರಿಫೈಡ್ ಟೈಲ್ ನೀರು ಕುಡಿಯುವುದಿಲ್ಲ, ಸಿಮೆಂಟ್ ಹಾಲಿನಲ್ಲಿ ಗೋಡೆಗೆ ಹಿಡಿಯುವುದಿಲ್ಲ. ಟೈಲ್ ಅಂಟೇ ಬೇಕು, ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೂ ಮಧ್ಯಕ್ಕೂ ಉಂಡೆ ಇಟ್ಟು ಒತ್ತುವ ಅಭ್ಯಾಸ ಬಿಡಿಸುವುದೇ ಒಂದು ಕೆಲಸ. ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದ ಐದು ಟೈಲ್ ಕಿತ್ತು ಮತ್ತೆ ಕೂರಿಸಬೇಕಾಯಿತು.

ನೆಲಕ್ಕೆ ಮಾತ್ರ 1×1 ಅಡಿಯ ಜಾರದ ಟೈಲ್. ದೊಡ್ಡದು ನಾಲ್ಕು ದಿಕ್ಕಿನಿಂದ ಟ್ರ್ಯಾಪಿನ ಕಡೆ ವಾಟ (ಇಳಿಜಾರು) ತಗೊಳ್ಳುವುದಿಲ್ಲ. 7 ಅಡಿಗೆ ಒಂದು ಇಂಚು ವಾಟ. ಟೈಲ್ ಸಂದಿಗೆ ಗ್ರೌಟ್ ತುಂಬುವ ಮೊದಲೇ ಒಂದು ಚೊಂಬು ನೀರು ಸುರಿದು, ಎಲ್ಲಿ ನಿಲ್ಲುತ್ತದೆ ನೋಡಿದ್ದು. ಎಣ್ಣೆಸ್ನಾನ ಮಾಡುವ ಮನೆಯಲ್ಲಿ ಹೊಳೆಯುವ ನೆಲ ಬೇಡವೇ ಬೇಡ.

ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿದ್ದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ಬದಲಾವಣೆ. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡವಾಗುವುದೂ ಇಲ್ಲ.

ಸ್ನಾನದ ಜಾಗವನ್ನು ಬೇರ್ಪಡಿಸುವ ಗಾಜು 8 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು), ಎರಡೂಕಾಲು ಅಡಿಯ ಒಂದೇ ಹಾಳೆ, ಬಾಗಿಲಿಲ್ಲ. ಟಫನ್ ಆದ ಗಾಜನ್ನು ಆಮೇಲೆ ಕತ್ತರಿಸಲಾಗದು, ಹಾಗಾಗಿ ಟೈಲ್ ಮುಗಿದ ಮೇಲೇ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ. ಬಕೆಟ್ ಸ್ನಾನದ ಮನೆಯಾದ್ದರಿಂದ ಗಾಜಿನಾಚೆ 20 ಲೀಟರ್ ಬಕೆಟ್ಟೂ ಮಣೆಯೂ ಹಿಡಿಯುವಷ್ಟು ಜಾಗ ಬಿಟ್ಟು, ನಲ್ಲಿಯ ಮೂತಿ ನೆಲದಿಂದ 2 ಅಡಿಗೆ ಬಂತು. ಬೋರ್‌ವೆಲ್ ನೀರು ವಾರದೊಳಗೆ ಗಾಜಿನ ಮೇಲೆ ಬಿಳಿ ಚುಕ್ಕೆ ಇಡುತ್ತದೆ, ಸ್ನಾನವಾದ ಮೇಲೆ ವೈಪರ್ ಎಳೆಯಲೇಬೇಕು. ಅದನ್ನು ನೇತುಹಾಕಲು ಮೊಳೆ ಹೊಡೆಯಲು ಹೊರಟವರನ್ನು ತಡೆದು, ಅಂಟಿಸುವ ಕೊಕ್ಕೆ ಕೊಡಬೇಕಾಯಿತು: ಆ ಗೋಡೆಯ ಟೈಲಿನ ಹಿಂದೆ 6 ಅಡಿವರೆಗೂ ವಾಟರ್‌ಪ್ರೂಫ್ ಲೇಪನವಿತ್ತು.