ನಿಲ್ಲಿಸಿ ನಿಲ್ಲಿಸಿ ಕೇಳುವ ಪಾಠ

ಮಂಗಳವಾರ ನಮ್ಮ ದೊಡ್ಡಪ್ಪನ ಮಗನಿಗೆ ವಾರದ ರಜೆ. ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಾನೆ, ಇರುವುದು ಅಲ್ಲೇ ಹುಡುಗರ ರೂಮಿನಲ್ಲಿ. ರಜೆಯ ಸಂಜೆ ಲೋಕಲ್ ಹಿಡಿದು ಡೊಂಬಿವಲಿಗೆ ನಮ್ಮ ಮನೆಗೆ ಬರುತ್ತಾನೆ. ನಾನು ಆಫೀಸಿಂದ ಬರುವಷ್ಟರಲ್ಲಿ ಅಮ್ಮ ಕೊಟ್ಟ ಚಾ ಕುಡಿದು, ಫೋನಿನಲ್ಲಿ ಪಾಠ ಹಾಕಿಕೊಂಡು, ನೋಟ್‌ಬುಕ್ ತೆರೆದು ಕೂತಿರುತ್ತಾನೆ. ಹತ್ತನೇ ಕ್ಲಾಸು ಮುಗಿಸಿ ಊರು ಬಿಟ್ಟವನು. ಹನ್ನೆರಡನೇದನ್ನು ಇಲ್ಲೇ ಕೆಲಸ ಮಾಡಿಕೊಂಡು ಪಾಸಾದ. ಈಗ ದೂರಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿದ್ದಾನೆ, ಜೊತೆಗೆ ಸ್ವಯಂ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಪೋರ್ಟಲಿನಲ್ಲಿ, ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್‌ನವರ ಅಕೌಂಟಿಂಗ್ ಕೋರ್ಸಿಗೂ ಸೇರಿಕೊಂಡಿದ್ದಾನೆ.

ಮೊನ್ನೆ ಬಂದಾಗ ಮುಖ ಸಪ್ಪಗಿತ್ತು. ಒಂದೇ ಜಾಗವನ್ನು ನಾಲ್ಕು ಸಲ ಹಿಂದೆ ಹಾಕಿ ಕೇಳಿದ್ದನಂತೆ. ಹೋಟೆಲಿನ ದುಡ್ಡನ್ನು ಬ್ಯಾಂಕಿಗೆ ಕಟ್ಟಿದರೆ ಬ್ಯಾಂಕ್ ಖಾತೆಗೆ ಡೆಬಿಟ್ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಇವನು ಫೋನನ್ನು ನನ್ನ ಮುಂದೆ ಹಿಡಿದ. "ನೋಡು ಮಾರಾಯ್ತಿ, ನಾನೇ ದಿನಾ ಹೋಗಿ ಕಟ್ಟುವುದು. ಮೆಸೇಜಿನಲ್ಲಿ ಕ್ರೆಡಿಟೆಡ್ ಅಂತ ಬರ್ತದೆ. ಇವರು ಡೆಬಿಟ್ ಅಂತಾರಲ್ಲ?"

ಎಷ್ಟು ಒಳ್ಳೆಯ ಪ್ರಶ್ನೆ! ನಾನು ಬಿ.ಕಾಂ. ಓದುವಾಗ ಈ ಪ್ರಶ್ನೆ ಕೇಳದೆ ಸುಮ್ನೆ ಬಾಯಿಪಾಠ ಮಾಡಿದ್ದೆ.

"ಅಣ್ಣ, ಆ ಮೆಸೇಜ್ ಬರೆಯುವುದು ಬ್ಯಾಂಕಿನವರು, ಅವರ ಪುಸ್ತಕ ನೋಡಿಕೊಂಡು. ಅವರ ಪುಸ್ತಕದಲ್ಲಿ ನೀವು ಕೊಟ್ಟವರು, ಅದಕ್ಕೇ ಕ್ರೆಡಿಟ್. ನೀನು ಈಗ ಬರೆಯುತ್ತಿರುವುದು ಹೋಟೆಲಿನ ಪುಸ್ತಕ. ಇದರಲ್ಲಿ ಬ್ಯಾಂಕ್ ಪಡೆದವನು, ಅದಕ್ಕೇ ಡೆಬಿಟ್."

ಪೆನ್ನಿನ ಮುಚ್ಚಳವನ್ನು ಟಕ್ ಟಕ್ ಅಂತ ಒತ್ತುತ್ತಾ ಸ್ವಲ್ಪ ಹೊತ್ತು ಕೂತ. ಆಮೇಲೆ ನಾನು ಏನೂ ಹೇಳದೆಯೇ ಹಾಲಿನವನ ಲೆಕ್ಕ ಬರೆದ. ಹಾಲು ಕೊಟ್ಟಿದ್ದಾನೆ, ದುಡ್ಡು ಬಾಕಿ ಇದೆ, ಅವನಿಗೆ ಕ್ರೆಡಿಟ್. ಸರಿ ಇತ್ತು. ತಲೆ ಎತ್ತಿ ನಕ್ಕ.

ಅಂದಿನಿಂದ ಇದೇ ವಿಷಯ ತಲೆಯಲ್ಲಿದೆ. ವೀಡಿಯೊವನ್ನು ನಾಲ್ಕಲ್ಲ, ನಲವತ್ತು ಸಲ ಹಿಂದೆ ಹಾಕಿ, ಅದು ಅದೇ ಮಾತನ್ನೇ ಹೇಳುತ್ತದೆ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಮುಖ ನೋಡಿ ಮಾತು ಬದಲಿಸುತ್ತಾರೆ. ಕೋರ್ಸಿನಲ್ಲಿ ಪ್ರಶ್ನೆ ಕೇಳುವುದಕ್ಕೆ ಜಾಗ ಇದೆ, ಉತ್ತರ ಕೊಡುವವರೂ ಇದ್ದಾರೆ. ಅಲ್ಲಿ ಯಾಕೆ ಕೇಳಲಿಲ್ಲ ಅಂದೆ. "ಇಂಗ್ಲಿಷಲ್ಲಿ ಬರೆಯಬೇಕಲ್ಲ. ನನಗೆ ಅರ್ಥ ಆಗದ್ದು ಏನು ಅಂತ ಅವರಿಗೆ ಅರ್ಥ ಆಗುವ ಹಾಗೆ ಬರೆಯಲಿಕ್ಕೆ ನನಗೆ ಬರುವುದಿಲ್ಲ" ಅಂದ.

ಮುಂಬಯಿಯಲ್ಲಿ ಹೋಟೆಲ್ ಹುಡುಗರು ಓದುವುದು ಹೊಸದೇನೂ ಅಲ್ಲ. ಫೋರ್ಟಿನಂಥ ಕಡೆ ಕನ್ನಡದವರು ಕಟ್ಟಿದ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ತಟ್ಟೆ-ಲೋಟ ಎತ್ತಿದವರು ರಾತ್ರಿ ಬೆಂಚಿನ ಮೇಲೆ ಕೂತು ಓದಿದ್ದಾರೆ, ಮುಂದೆ ವಕೀಲರು, ಅಧಿಕಾರಿಗಳು, ಹೋಟೆಲ್ ಮಾಲೀಕರು ಆಗಿದ್ದಾರೆ. ಆ ಶಾಲೆಗಳಲ್ಲಿ ಹಲವು ಒಂದೊಂದಾಗಿ ಬಾಗಿಲು ಹಾಕಿದವು. 1971ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಶುರು ಮಾಡಿದ ಮೇಲೆ ಕೆಲಸ ಮಾಡುತ್ತಲೇ ಪದವಿ ಪಡೆಯುವ ದಾರಿಯೂ ಆಯಿತು. ಈಗ ಎಲ್ಲ ಫೋನಿಗೆ ಬಂದಿದೆ. ಆದರೆ ಪಕ್ಕದ ಬೆಂಚಿನವನು ಮಾತ್ರ ಬಂದಿಲ್ಲ.

ನನ್ನ ಕಥೆಯನ್ನೂ ಹೇಳಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನಿನಿಂದ ಎಲ್ಲ ನಿಂತಾಗ ನಾನು ಬಿ.ಕಾಂ. ಮೊದಲ ವರ್ಷ. ಲೋಕಲ್ ಬಂದ್, ಅಪ್ಪನ ಹೋಟೆಲ್ ಬಂದ್. ಒನ್ ರೂಮ್ ಕಿಚನ್ ಮನೆಯಲ್ಲಿ ನಾಲ್ಕು ಜನ, ಎರಡು ಫೋನು. ತಮ್ಮನಿಗೂ ಕ್ಲಾಸ್, ನನಗೂ ಕ್ಲಾಸ್. ಅಮ್ಮ ಕುಕ್ಕರ್ ಇಡುವ ಹೊತ್ತಿಗೇ ನನ್ನ ಕಾಸ್ಟಿಂಗ್ ಕ್ಲಾಸ್ ಇರುತ್ತಿತ್ತು. ಅಡುಗೆ ಕಟ್ಟೆಯ ಕೆಳಗೆ ಗೋಡೆಗೆ ಒರಗಿ ಕೂರುತ್ತಿದ್ದೆ, ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಬರುತ್ತಿದ್ದದ್ದು ಅಲ್ಲಿ ಮಾತ್ರ. ಕ್ಯಾಮೆರಾ ಹಾಕಿ ಅಂದರೆ ಪಕ್ಕದಲ್ಲಿ ಅಮ್ಮ, ಒಲೆ, ಹಗ್ಗದ ಮೇಲಿನ ಬಟ್ಟೆ ಎಲ್ಲ ಕಾಣುತ್ತಿತ್ತು. ಅದು ನನಗೆ ತುಂಬಾ ಕಷ್ಟ ಆಗುತ್ತಿತ್ತು. ಈಗಲೂ ಹೇಳುತ್ತೇನೆ, ಒಬ್ಬರ ಮನೆಯೊಳಗನ್ನು ಇಡೀ ಕ್ಲಾಸಿಗೆ ತೋರಿಸು ಅಂತ ಒತ್ತಾಯ ಮಾಡುವುದು ತಪ್ಪು.

ಒಂದು ಪರೀಕ್ಷೆ ಮರೆಯಲಿಕ್ಕೇ ಆಗುವುದಿಲ್ಲ. ಉತ್ತರವನ್ನು ಕೈಯಲ್ಲಿ ಬರೆದು, ಫೋಟೊ ತೆಗೆದು, ಪಿಡಿಎಫ್ ಮಾಡಿ ಕಳಿಸಬೇಕು. ಕಳಿಸಲಿಕ್ಕೆ ಕೊಟ್ಟ ಸಮಯ ಹತ್ತು ನಿಮಿಷ. ಟ್ಯೂಬ್‌ಲೈಟ್ ನನ್ನ ಬೆನ್ನ ಹಿಂದೆ ಇದ್ದದ್ದರಿಂದ ಪ್ರತಿ ಹಾಳೆಯ ಮೇಲೂ ನನ್ನ ಕೈಯ ನೆರಳು ಬಿದ್ದು ಅರ್ಧ ಅಕ್ಷರ ಕಾಣುತ್ತಿರಲಿಲ್ಲ. ಅಪ್ಪ ಇನ್ನೊಂದು ಫೋನಿನ ಟಾರ್ಚ್ ಹಿಡಿದು ನಿಂತರು. ಒಂಬತ್ತು ಹಾಳೆ. ಫೈಲು 11 ಎಂಬಿ ಆಯಿತು, ಅವರು ತೆಗೆದುಕೊಳ್ಳುತ್ತಿದ್ದದ್ದು 5 ಎಂಬಿ. ಚಿಕ್ಕದು ಮಾಡಿ ಮತ್ತೆ ಹಾಕುವಷ್ಟರಲ್ಲಿ ಸಮಯ ಮುಗಿದಿತ್ತು. ಲೆಕ್ಕ ಎಲ್ಲ ಸರಿ ಮಾಡಿದ್ದೆ. ಆ ಪೇಪರಿನಲ್ಲಿ ನನಗೆ ಎಟಿಕೆಟಿ ಬಂತು, ಅಂದರೆ ಆ ಒಂದು ಪೇಪರ್ ಫೇಲ್, ಮತ್ತೆ ಬರೆಯಬೇಕು. ಅಪ್ಪ ತಾವು ಟಾರ್ಚ್ ಸರಿಯಾಗಿ ಹಿಡಿಯಲಿಲ್ಲವೇನೋ ಅಂತ ಎರಡು ದಿನ ಹೇಳಿಕೊಂಡರು. ನನಗೆ ಮಾರ್ಕಿಗಿಂತ ಅದೇ ಜಾಸ್ತಿ ನೋವಾಯಿತು.

ಆದರೆ ಅದೇ ವರ್ಷ ನನ್ನನ್ನು ಕಾಪಾಡಿದ್ದೂ ಆನ್‌ಲೈನ್ ಪಾಠವೇ. ಒಬ್ಬರು ಮೇಡಮ್ ಮಾತ್ರ ತಮ್ಮ ಪ್ರತಿ ಕ್ಲಾಸನ್ನೂ ರೆಕಾರ್ಡ್ ಮಾಡಿ, ಸಣ್ಣ ಸಣ್ಣ ತುಂಡು ಮಾಡಿ ಗ್ರೂಪಿಗೆ ಹಾಕುತ್ತಿದ್ದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು ನಾನು, ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದ ತಪ್ಪಿಹೋದರೆ ಇಡೀ ಪಾಠವೇ ಕೈ ತಪ್ಪುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು, ನಿಲ್ಲಿಸಿ, ಪದದ ಅರ್ಥ ಹುಡುಕಿ, ಮತ್ತೆ ಕೇಳುತ್ತಿದ್ದೆ. ಯಾರೂ ತಿರುಗಿ ನೋಡುವುದಿಲ್ಲ, ಯಾರೂ ಕಾಯುತ್ತಿಲ್ಲ. ಆ ನಿಲ್ಲಿಸುವ ಬಟನ್ ನನಗೆ ಕೊಟ್ಟಷ್ಟು ಧೈರ್ಯವನ್ನು ಯಾವ ಕ್ಲಾಸೂ ಕೊಟ್ಟಿರಲಿಲ್ಲ.

ಅದಕ್ಕೇ ಆನ್‌ಲೈನ್ ಪಾಠವನ್ನು ಪೂರ್ತಿ ಬೈಯುವವರ ಜೊತೆ ನಾನು ಸೇರುವುದಿಲ್ಲ. ಚೆನ್ನಾಗಿ ಯೋಚಿಸಿ ಮಾಡಿದ ಕಡೆ ಅದು ಗೊತ್ತಾಗುತ್ತದೆ. ಅಣ್ಣನ ಕೋರ್ಸನ್ನೇ ನೋಡಿ. ಸೇರಲಿಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ಹನ್ನೆರಡು ವಾರ, ವಾರಕ್ಕೊಂದು ಅಸೈನ್‌ಮೆಂಟ್. ಅವುಗಳಲ್ಲಿ ಚೆನ್ನಾಗಿ ಮಾಡಿದ ಎಂಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅದಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅವನಿಗೆ ಪ್ರತಿ ಅಸೈನ್‌ಮೆಂಟಿನ ಗಡುವು ಬುಧವಾರ ರಾತ್ರಿ 11:59. ಹೋಟೆಲ್ ಲೆಕ್ಕ ಮುಗಿಯುವುದೇ ಹನ್ನೊಂದೂವರೆಗೆ. ಗಣಪತಿ ಹಬ್ಬದ ವಾರ ಗಿರಾಕಿಗಳ ಗದ್ದಲದಲ್ಲಿ ಒಂದು ತಪ್ಪಿಹೋಯಿತು, ಆದರೂ ಅವನಿಗೆ ನಷ್ಟ ಆಗಲಿಲ್ಲ. ಆ ಹನ್ನೆರಡರಲ್ಲಿ ಎಂಟು ಅನ್ನುವ ನಿಯಮ ಇಂಥವರನ್ನು ಉಳಿಸುತ್ತದೆ.

ಇನ್ನೊಂದನ್ನು ಬಹಳ ಜನರಿಗೆ ಹೇಳಬೇಕು ಅಂತ ನನಗಿದೆ. ಪವಾಯಿಯ ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಇದೆಯಲ್ಲ, ಅದರಲ್ಲಿ ಕನ್ನಡದಲ್ಲೂ ಪಾಠಗಳಿವೆ, ಹತ್ತು ನಿಮಿಷದ ಆಸುಪಾಸಿನವು, ದುಡ್ಡಿಲ್ಲ. ಪರದೆಯ ಒಂದು ಅರ್ಧದಲ್ಲಿ ವೀಡಿಯೊ, ಇನ್ನೊಂದು ಅರ್ಧದಲ್ಲಿ ನೀವೇ ಮಾಡಿ ನೋಡುವುದು. ಅಣ್ಣನಿಗೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್, ಅಂದರೆ ಎಕ್ಸೆಲ್‌ನಂಥ ಲೆಕ್ಕದ ಸಾಫ್ಟ್‌ವೇರ್, ಅದರ ಪಾಠ ಹಾಕಿಕೊಟ್ಟೆ. ಒಂದೇ ಬೆರಳಿನಲ್ಲಿ ಅಕ್ಕಿ, ಉದ್ದಿನ ಬೇಳೆ, ಎಣ್ಣೆ ಅಂತ ಹೋಟೆಲ್ ಸಾಮಾನಿನ ಪಟ್ಟಿ ಹೊಡೆದ. ಕೆಳಗೆ ಮೊತ್ತ ತಾನಾಗಿ ಬಂದದ್ದು ನೋಡಿ ಬೇಳೆಯ ರೇಟು ಬದಲಿಸಿದ, ಮೊತ್ತವೂ ಬದಲಾಯಿತು. ಮತ್ತೆ ಬದಲಿಸಿದ. ಅವತ್ತು ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕನ್ನಡದಲ್ಲಿ ಹೇಳಿದ್ದು, ಕೈಯಿಂದ ಮಾಡಿಸಿದ್ದು, ಎರಡೂ ಒಟ್ಟಿಗೆ ಇತ್ತಲ್ಲ.

ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇಕಡಾ 40ರವರೆಗಿನ ಕೋರ್ಸುಗಳನ್ನು ಸ್ವಯಂ ಮೂಲಕವೇ ಮಾಡಬಹುದು. ಅಷ್ಟು ದೊಡ್ಡ ಪಾಲು ಇಲ್ಲಿಗೆ ಬರುವುದಾದರೆ, ಪ್ರಶ್ನೆಯನ್ನು ತಮ್ಮ ಭಾಷೆಯಲ್ಲಿ, ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸಲಿಕ್ಕೆ ಬಿಡಬೇಕು. ಊರಿಗೊಂದು, ಏರಿಯಾಕ್ಕೊಂದು ಕಡೆ ನಾಲ್ಕು ಜನ ಕೂತು ಒಟ್ಟಿಗೆ ನೋಡುವ ಏರ್ಪಾಡು ಆಗಬೇಕು. ನಮ್ಮ ಮುಂಬಯಿಯಲ್ಲಿ ಕನ್ನಡ ಸಂಘಗಳಿವೆ, ಕೆಲವಕ್ಕೆ ಸ್ವಂತ ಸಭಾಂಗಣ ಇದೆ. ವಾರಕ್ಕೆ ಎರಡು ರಾತ್ರಿ ಬಾಗಿಲು ತೆರೆದು, ಡಿಗ್ರಿ ಮುಗಿಸಿದ ಒಬ್ಬರು ಕೂತರೆ ಸಾಕು, ಮೈಕ್ ಬೇಡ, ಹಾರ ಬೇಡ. ನಾನಂತೂ ಬರುತ್ತೇನೆ.

ಈ ಮಂಗಳವಾರ ಹೊರಡುವಾಗ ಅಣ್ಣ ಲ್ಯಾಪ್‌ಟಾಪ್ ಒಂದು ವಾರಕ್ಕೆ ಕೊಡ್ತೀಯಾ ಅಂತ ಕೇಳಿದ. ರೂಮಿನಲ್ಲಿ ಇನ್ನೊಬ್ಬ ಹುಡುಗ ಇದ್ದಾನಂತೆ, ಕುಂದಾಪುರ ಕಡೆಯವನು, ದೋಸೆ ಕಾವಲಿ ಹತ್ತಿರ ಕೆಲಸ, ಪಿಯುಸಿ ಅರ್ಧಕ್ಕೆ ಬಿಟ್ಟವನು. ಅವನೂ ರಾತ್ರಿ ಬಂದು ಪಕ್ಕದಲ್ಲಿ ಕೂರುತ್ತಾನಂತೆ. ಕೊಟ್ಟು ಕಳಿಸಿದೆ. ಚಾರ್ಜರಿನ ಪಿನ್ ಸ್ವಲ್ಪ ಸಡಿಲ ಇದೆ, ಕೆಳಗೆ ಒಂದು ಪುಸ್ತಕ ಇಟ್ಟು ಸರಿಯಾಗಿ ಕೂರಿಸಬೇಕು ಅಂತ ಹೇಳಿದ್ದೇನೆ.