ಕರೆಂಟ್ ಹೋದ್ರೆ ಶೂಟಿಂಗ್: ನಮ್ಮ ಕಿರುಚಿತ್ರದ ಆರನೇ ವಾರ

ಈ ವಾರ ಮೂರು ದಿನ ಶೂಟಿಂಗ್ ಇಟ್ಟುಕೊಂಡಿದ್ದೆವು. ಕೆಲಸ ಆದದ್ದು ಒಟ್ಟು ಒಂದೂವರೆ ತಾಸು. ಕಾರಣ ಪವರ್‌ಲೂಮ್, ಅಂದರೆ ಕರೆಂಟಿನಲ್ಲಿ ಓಡೋ ನೇಯ್ಗೆ ಮಗ್ಗ. ಬಾಗಲಕೋಟೆ ಜಿಲ್ಲೆಯ ನಮ್ಮ ಬನಹಟ್ಟಿಯಲ್ಲಿ ಯಾವ ಓಣಿಗೆ ಹೋದರೂ ಖಟಪಟ ಖಟಪಟ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮ್ಮ ಕಿವಿಗೆ ಅದು ಬೀಳೋದೇ ಇಲ್ಲ. ಮೈಕಿಗೆ ಮಾತ್ರ ಅದೊಂದೇ ಕೇಳಿಸುತ್ತೆ. ಡಬ್ಬಿಂಗ್ ಮಾಡೋಣ ಎಂದರೆ ನಮ್ಮ ಕಥೆಯ ಅಜ್ಜಿ ಪಾತ್ರದ ಆಯಿ ಒಪ್ಪಲಿಲ್ಲ. "ಒಮ್ಮೆ ಅಂದ ಮಾತು ಮತ್ತ ಹಂಗ ಹೆಂಗ ಅನ್ನೂದೋ?" ಎಂದರು. ಸರಿಯೇ ಅಲ್ವಾ?

ಹಾಗಾಗಿ ಕರೆಂಟ್ ಹೋಗೋದನ್ನೇ ಕಾಯ್ದೆವು. ಬ್ಯಾಟರಿ ಲೈಟು ರೆಡಿ, ಎಲ್ಲರೂ ಕಟ್ಟೆ ಮೇಲೆ ಚಹಾ ಕುಡೀತಾ ಕೂತಿದ್ದೆವು. ಬುಧವಾರ ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. "ಹೋತು ನೋಡ್ರಿ, ಲಗೂ ಬರ್ರಿ!" ಎಂದು ಪಕ್ಕದ ಮನೆ ಕಾಕಾ ಕೂಗಿದರು. ಮಗ್ಗ ನಿಂತರೆ ಅವರ ಆ ದಿನದ ದುಡಿಮೆ ಹೋದಂತೆ. ನಮ್ಮ ಖುಷಿಯನ್ನು ಸ್ವಲ್ಪ ಅದುಮಿಕೊಂಡೇ ಓಡಿದೆವು.

ಆಯಿ ಹರೆಯದಲ್ಲಿ ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರ ಮಾಡಿದವರು. ಬಯಲಲ್ಲಿ ರಾತ್ರಿಯಿಡೀ ಆಡೋ ಆಟ, ದನಿ ಕೊನೇ ಸಾಲಿಗೆ ಮುಟ್ಟಬೇಕು. ಆ ರೂಢಿ ಬಿಡಿಸೋದು ಕಷ್ಟ. "ಬಾಗಿಲಾ ಹಾಕ್ಕೋ" ಅನ್ನೋ ಒಂದೇ ಮಾತಿಗೆ ದನಿ ಮಿತಿ ಮೀರಿ ರೆಕಾರ್ಡರ್‌ನ ಕೆಂಪು ದೀಪ ಹತ್ತಿಕೊಂಡಿತು. ನಾನು ಸುಮ್ನೆ ಏನೇನೋ ವಿವರಿಸಿದೆ. ಕೊನೆಗೆ ಸೌಂಡ್ ಹುಡುಗ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, "ಆಯಿ, ಒಳಗ ಕೂಸು ಮಲಗೈತಿ ಅಂತ ತಿಳ್ಕೊಂಡು ಅನ್ರಿ" ಎಂದ. ಎರಡನೇ ಟೇಕ್ ಓಕೆ.

ಈ ಹುಡುಗನ ಬಗ್ಗೆ ಹೇಳಲೇಬೇಕು. ಎರಡು ವರ್ಷದ ಹಿಂದೆ ನಾವು ಗೆಳೆಯರು ಸೇರಿ ಮಂಗಲ ಕಾರ್ಯಾಲಯದಲ್ಲಿ ಮೊದಲ ಸಲ ಕಿರುಚಿತ್ರೋತ್ಸವ ಮಾಡಿದೆವು. ಅವನು ಬಂದದ್ದು ಮೈಕ್‌ಸೆಟ್ ಬಾಡಿಗೆ ಕೊಡಲು. ಮದುವೆ, ಜಾತ್ರೆಗೆ ಸ್ಪೀಕರ್ ಕಟ್ಟೋನು. ಒಂದು ಚಿತ್ರದಲ್ಲಿ ಮಾತೇ ತಿಳಿಯದೆ ಜನ ಎದ್ದು ಹೋದರು. "ಅಣ್ಣಾ, ನನ್ನ ಸ್ಪೀಕರ್ ಬರೋಬರಿ ಅದಾವು, ಅವ್ರು ರೆಕಾರ್ಡ್ ಮಾಡಿದ್ದ ಸರಿ ಇಲ್ಲ" ಎಂದು ಜಗಳಕ್ಕೇ ಬಂದ. ಮುಂದಿನ ತಿಂಗಳಿಂದ ಬೂಮ್ ಮೈಕ್ (ಉದ್ದ ಕೋಲಿಗೆ ಕಟ್ಟಿದ ಮೈಕ್) ಹಿಡಿಯೋದು ಕಲಿಯತೊಡಗಿದ. ಈಗ ಸುತ್ತಲಿನ ನಾಲ್ಕು ತಂಡಗಳಿಗೆ ಅವನೇ ಬೇಕು. ಉತ್ಸವದಿಂದ ಊರಿಗಾದ ದೊಡ್ಡ ಲಾಭ ಅವನೇ ಅಂತ ನನ್ನ ಲೆಕ್ಕ. ಉಳಿದ ಪ್ರಶಸ್ತಿ ಫಲಕಗಳು ಇನ್ನೂ ನಮ್ಮನೆ ಮಂಚದ ಕೆಳಗೇ ಇವೆ.

ನಮ್ಮ ಕಡೆ ಕಲಾವಿದರಿಗೆ ಯಾವತ್ತೂ ಬರ ಇರಲಿಲ್ಲ. ಆದರೆ ಕೆಲಸ ಬೇರೆ ಕಡೆ ಇರುತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ನಮ್ಮದೇ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ಹಿಂದಿ ಚಿತ್ರ ‘ಕಿಸ್ಮತ್’ಗೆ ಹಾಡಿದ್ದು ಮುಂಬೈಗೆ ಹೋಗಿ. ನಮಗೆ ಇವತ್ತಿಗೂ ಒಳ್ಳೆ ಲೆನ್ಸ್ ಬಾಡಿಗೆಗೆ ಬೇಕೆಂದರೆ ಹುಬ್ಬಳ್ಳಿ ಬಸ್ ಹತ್ತಬೇಕು. ಸೌಂಡಿಗೆ ಮಾತ್ರ ಎಲ್ಲೂ ಹೋಗಬೇಕಿಲ್ಲ.

ಒಂದು ತಪ್ಪು ಬರೆದಿಡುತ್ತೇನೆ, ಬೇರೆಯವರಿಗೆ ಉಪಯೋಗ ಆದೀತು. ಮೊದಲ ವಾರ ಕ್ಯಾಮೆರಾ ಶಟರ್ 1/60 ಸೆಕೆಂಡಿನಲ್ಲೇ ಉಳಿದಿತ್ತು. ನಮ್ಮ ಕರೆಂಟ್ 50 ಹರ್ಟ್ಸ್, ಆ ಶಟರ್ ಅದಕ್ಕೆ ಹೊಂದಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದೆಲ್ಲ ಮಿಣಮಿಣ ಮಿನುಗುತ್ತೆ. ಈಗ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಮಿನುಗು ಹೋಯಿತು, ಮೊದಲ ವಾರದ ಎರಡು ದೃಶ್ಯವೂ ಹೋದವು.

ಭಾನುವಾರ ಕೊನೆಯ ದೃಶ್ಯ. ಅದರಲ್ಲಿ ಮಗ್ಗ ಓಡುತ್ತಿರಬೇಕು, ಹಾಗಾಗಿ ಕರೆಂಟ್ ಇರಲೇಬೇಕು. ಕಾಕಾ ಈಗಿನಿಂದಲೇ ನಗ್ತಿದ್ದಾರೆ.